ಆಂಗ್ಲೋಚ್ಚಾರಣೆಯ ಪ್ರಾಮಾಣ್ಯ: ೧೭೬೧ರ ಎಡಿನ್‌ಬರೋ ಉಪನ್ಯಾಸಗಳು

೧

ಯಾವುದಾದರೊಂದು ಭಾಷೆಯನ್ನು ತಾಯಿಯ ಮಡಿಲಲ್ಲಿಯೇ ಕಲಿತವನೊಬ್ಬನು ಪರಸ್ಥಳಕ್ಕೆ ಹೋಗಿ ಅದನ್ನು ಬೋಧಿಸತೊಡಗಿದಾಗ, ಅಲ್ಲಿನವರು ಆತನ ವ್ಯಾಕರಣವನ್ನಾಗಲಿ ವಿದ್ವತ್ತನ್ನಾಗಲಿ ಪ್ರಶ್ನಿಸದೆ ಉಚ್ಚಾರಣೆಯನ್ನೇ ಹಿಡಿದು ಆಕ್ಷೇಪಿಸುವುದುಂಟು. ಮೇಲ್ನೋಟಕ್ಕೆ ಇದು ಅಸಂಗತವಾಗಿ ತೋರುವುದು. ಮಾತೃಭಾಷಿಕನ ನಾಲಗೆಯಿಂದ ಬಂದುದೇ ಆ ಭಾಷೆಯಾಗಿರುವಲ್ಲಿ, ಅದನ್ನು ಅಶುದ್ಧವೆನ್ನುವುದಕ್ಕೆ ಕಲಿಯಬಂದವನಿಗೆ ಯಾವ ಪ್ರಮಾಣವಿದೆ? ಆದರೂ ಇಂಗ್ಲಿಷು ಭಾಷೆಯ ವಿಷಯದಲ್ಲಿ ಈ ಆಕ್ಷೇಪವು ಇಂದು ನಾನಾ ದೇಶಗಳಲ್ಲಿ ಕೇಳಿಬರುತ್ತಿದೆ. ಜಪಾನು ೧೯೮೭ರಲ್ಲಿಯೂ, ದಕ್ಷಿಣ ಕೊರಿಯವು ೧೯೯೫ರಲ್ಲಿಯೂ, ಹಾಂಗ್‌ಕಾಂಗ್ ೧೯೯೮ರಲ್ಲಿಯೂ ಆಂಗ್ಲಭಾಷಿಕರಾದ ಉಪಾಧ್ಯಾಯರನ್ನು ತಮ್ಮ ಶಾಲೆಗಳಿಗೆ ಬರಮಾಡಿಕೊಳ್ಳುವ ಏರ್ಪಾಡುಗಳನ್ನು ಆರಂಭಿಸಿದವು. ಹೀಗೆ ಪೂರ್ವದೇಶಗಳಿಗೆ ಹೋದವರಲ್ಲಿ ಸ್ಕಾಟ್ಲೆಂಡಿನವರೂ ಐರ್ಲೆಂಡಿನವರೂ ಆಸ್ಟ್ರೇಲಿಯದವರೂ ಉಂಟು. ಇಂಥವರು ತಮ್ಮ ಊರಿನ ನುಡಿಯಲ್ಲಿ ಪಾಠ ಹೇಳಿದರೆ, ‘ಇದು ಪುಸ್ತಕದಲ್ಲಿ ಹೇಳಿದ ಇಂಗ್ಲಿಷಲ್ಲ’ವೆಂಬ ದೂರು ಹುಟ್ಟುತ್ತದೆ. ಆ ದೂರಿನಿಂದ ಉಪಾಧ್ಯಾಯನ ಮರ್ಯಾದೆಗೂ ಒಮ್ಮೊಮ್ಮೆ ಆತನ ಜೀವನೋಪಾಯಕ್ಕೂ ಕುಂದು ಬರುತ್ತದೆ. ಶಿಷ್ಯನಿಗಾದರೋ ತಾನು ಕೇಳುತ್ತಿರುವುದು ಸರಿಯೋ ತಪ್ಪೋ ಎಂಬ ಸಂಶಯವು ನೆಲೆಗೊಳ್ಳುತ್ತದೆ.

ಈ ವಿವಾದವು ನೂತನವಾದುದಲ್ಲ. ಇಂಗ್ಲಿಷು ಉಚ್ಚಾರಣೆಯನ್ನು ಒಂದು ಶಾಸ್ತ್ರವನ್ನಾಗಿ ಬೋಧಿಸುವ ವೃತ್ತಿಯು ಯಾವಾಗ ಪ್ರಸಿದ್ಧಿಗೆ ಬಂದಿತೋ ಆಗಲೇ ಇದೂ ಹುಟ್ಟಿತು. ಆ ವೃತ್ತಿಯ ಆದ್ಯರಲ್ಲಿ ಒಬ್ಬನಾದ ತಾಮಸ್ ಷೆರಿಡನ್ನನೇ ಈ ಆಕ್ಷೇಪಕ್ಕೆ ಗುರಿಯಾದನು. ಆತನು ಐರ್ಲೆಂಡಿನವನು, ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರಕ್ಕೆ ಬಂದು ಅಲ್ಲಿನವರಿಗೆ ಇಂಗ್ಲಿಷನ್ನು ನುಡಿಯುವ ಕ್ರಮವನ್ನು ಉಪದೇಶಿಸಿದನು, ಅದಕ್ಕಾಗಿ ಇಂಗ್ಲೆಂಡಿನ ವಿದ್ವಾಂಸರಿಂದ ಪರಿಹಾಸಕ್ಕೆ ಪಾತ್ರನಾದನು. ಈ ಪ್ರಸಂಗವನ್ನು ಮೊದಲಿನಿಂದ ಪರಿಶೀಲಿಸಿದರೆ, ಉಚ್ಚಾರಣೆಯಲ್ಲಿ ಪ್ರಾಮಾಣ್ಯವು ಜನ್ಮದಿಂದ ಬರುವುದೋ, ದೇಶದಿಂದ ಬರುವುದೋ, ಅಥವಾ ಶಿಕ್ಷೆಯಿಂದ ಬರುವುದೋ ಎಂಬ ಪ್ರಶ್ನೆಗೆ ಸಮಾಧಾನವು ದೊರಕಬಹುದೆಂದು ನಮ್ಮ ಅಭಿಪ್ರಾಯ.

೨

ಮೊದಲು ಸ್ಕಾಟ್ಲೆಂಡಿನ ಅಂದಿನ ಸ್ಥಿತಿಯನ್ನು ತಿಳಿಯಬೇಕು. ಕ್ರಿ. ಶ. ೧೭೦೭ರಲ್ಲಿ ಇಂಗ್ಲೆಂಡು ಸ್ಕಾಟ್ಲೆಂಡುಗಳು ಒಂದೇ ರಾಜ್ಯವಾಗಿ ಕೂಡಿಕೊಂಡವು. ಎಡಿನ್‌ಬರೋ ನಗರದಲ್ಲಿದ್ದ ಪಾರ್ಲಿಮೆಂಟು ನಿಂತುಹೋಗಿ, ಸ್ಕಾಟರ ಪ್ರತಿನಿಧಿಗಳು ಲಂಡನ್ನಿನ ಸಭೆಯಲ್ಲಿ ಕುಳಿತುಕೊಳ್ಳಬೇಕಾಯಿತು. ಅಧಿಕಾರವೂ ಪದವಿಯೂ ವ್ಯಾಪಾರವೂ ಎಲ್ಲಿ ಸೇರಿದವೋ ಆ ಊರಿನ ನುಡಿಗೆ ಗೌರವವು ಬರುವುದು ಲೋಕಸಹಜ. ಸ್ವದೇಶದಲ್ಲಿ ನ್ಯಾಯಾಧೀಶನೂ ಪಂಡಿತನೂ ಎನಿಸಿಕೊಂಡ ಸ್ಕಾಟನು ಲಂಡನ್ನಿನಲ್ಲಿ ಬಾಯಿ ತೆರೆದೊಡನೆ ಹಳ್ಳಿಗನೆನಿಸತೊಡಗಿದನು.

ಈ ಸಂಕೋಚವು ಸಾಮಾನ್ಯರಲ್ಲಿ ಮಾತ್ರವಿದ್ದಿತೆಂದು ತಿಳಿಯಬಾರದು. ಯುರೋಪಿನಲ್ಲೆಲ್ಲ ಹೆಸರಾದ ತತ್ತ್ವಜ್ಞ ಡೇವಿಡ್ ಹ್ಯೂಮನು ೧೭೫೨ರಲ್ಲಿ ತನ್ನ ರಾಜಕೀಯ ಪ್ರಬಂಧಗಳೊಡನೆ ಸ್ಕಾಟರು ಬರವಣಿಗೆಯಲ್ಲಿ ಬಿಡಬೇಕಾದ ದೇಶ್ಯಪ್ರಯೋಗಗಳ ಒಂದು ಪಟ್ಟಿಯನ್ನೇ ಸೇರಿಸಿದನು. ಆದರೆ ಲೇಖನಿಯನ್ನು ತಿದ್ದಿಕೊಂಡಷ್ಟು ಸುಲಭವಾಗಿ ನಾಲಗೆಯನ್ನು ತಿದ್ದಿಕೊಳ್ಳಲಾಗದು. ಹ್ಯೂಮನ ನುಡಿಯು ಕಡೆಯವರೆಗೂ ಸ್ಕಾಟರ ನುಡಿಯಾಗಿಯೇ ಉಳಿಯಿತು. ೧೭೫೪ರಲ್ಲಿ ಚಿತ್ರಕಾರ ಆಲನ್ ರ‍್ಯಾಮ್ಸೆಯು ಎಡಿನ್‌ಬರೋದಲ್ಲಿ ‘ಸೆಲೆಕ್ಟ್ ಸೊಸೈಟಿ’ ಎಂಬ ವಿದ್ವದ್ಗೋಷ್ಠಿಯನ್ನು ಸ್ಥಾಪಿಸಿದನು. ಹ್ಯೂಮ್, ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್, ಇತಿಹಾಸಕಾರ ರಾಬರ್ಟ್‌ಸನ್ ಮುಂತಾದವರು ಅದರ ಸದಸ್ಯರು. ಅಂದಿನ ಯುರೋಪಿನಲ್ಲಿ ಇದಕ್ಕಿಂತ ಹೆಚ್ಚಿನ ವಿದ್ವತ್ತು ಒಂದೆಡೆ ಕೂಡಿದ್ದುದು ವಿರಳ. ಅಂಥ ಗೋಷ್ಠಿಯೇ ತನ್ನ ನಾಲಗೆಯ ವಿಷಯದಲ್ಲಿ ತಲೆ ತಗ್ಗಿಸಿ ಉಪಾಧ್ಯಾಯನನ್ನು ಅರಸುತ್ತಿದ್ದಿತು.

೩

ಆ ಸಮಯಕ್ಕೆ ಬಂದವನು ಷೆರಿಡನ್. ಈತನು ೧೭೧೯ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದನು. ತಂದೆಯು ಪಾದ್ರಿಯೂ ಹೆಸರಾಂತ ಉಪಾಧ್ಯಾಯನೂ ಆಗಿದ್ದನು. ‘ಗಲಿವರನ ಪ್ರವಾಸಗಳು’ ಬರೆದ ಜೊನಾಥನ್ ಸ್ವಿಫ್ಟನು ಆ ಮನೆಯ ಆಪ್ತನೂ ಈ ಬಾಲಕನ ಧರ್ಮಪಿತನೂ ಆಗಿದ್ದನು. ಷೆರಿಡನ್ನನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಗಿಸಿ, ನಟನಾಗಿ, ಆ ನಗರದ ಸ್ಮಾಕ್ ಆಲಿ ನಾಟಕಶಾಲೆಯ ವ್ಯವಸ್ಥಾಪಕನಾದನು. ರಂಗದ ಮೇಲೆ ದೂರದವರಿಗೂ ಕೇಳುವಂತೆ ಸ್ಫುಟವಾಗಿ ನುಡಿಯುವ ಅಭ್ಯಾಸವೇ ಆತನಿಗೆ ಗುರುವಾಯಿತು. ಇಂಗ್ಲೆಂಡಿನ ಶಾಲೆಗಳಲ್ಲಿ ಲ್ಯಾಟಿನ್ ಗ್ರೀಕುಗಳನ್ನು ಕಲಿಸುವರೇ ಹೊರತು ಸ್ವಭಾಷೆಯನ್ನು ನುಡಿಯುವುದನ್ನು ಯಾರೂ ಕಲಿಸುವುದಿಲ್ಲವೆಂದು ಆಕ್ಷೇಪಿಸಿ, ೧೭೫೬ರಲ್ಲಿ ಬ್ರಿಟಿಷರ ವಿದ್ಯಾಭ್ಯಾಸವನ್ನು ಕುರಿತು ಗ್ರಂಥವನ್ನು ರಚಿಸಿದನು. ಅನಂತರ ಊರಿಂದೂರಿಗೆ ಹೋಗಿ ಉಪನ್ಯಾಸಗಳನ್ನು ಕೊಡಲಾರಂಭಿಸಿದನು.

೧೭೬೧ರ ಬೇಸಗೆಯಲ್ಲಿ ಎಡಿನ್‌ಬರೋದ ಸೇಂಟ್ ಪಾಲ್ ಪ್ರಾರ್ಥನಾಮಂದಿರದಲ್ಲಿ ಆತನ ಉಪನ್ಯಾಸಮಾಲೆಯು ನಡೆಯಿತು. ಸುಮಾರು ೩೦೦ ಮಂದಿ ಗೃಹಸ್ಥರು, ಅದರಲ್ಲಿಯೂ ಪದವಿ ಪಾಂಡಿತ್ಯಗಳಲ್ಲಿ ಗಣ್ಯರಾದವರು, ಬಂದು ಕೇಳಿದರು. ಸ್ತ್ರೀಯರಿಗಾಗಿ ಬೇರೆಯ ಉಪನ್ಯಾಸಗಳೂ ನಡೆದವು. ತರುಣನಾಗಿದ್ದ ಜೇಮ್ಸ್ ಬಾಸ್‌ವೆಲ್ಲನಿಗೆ ಷೆರಿಡನ್ನನ ಪರಿಚಯವಾದುದು ಈ ಸಂದರ್ಭದಲ್ಲಿಯೇ. ಇದರ ಪರಿಣಾಮವಾಗಿ ಸೆಲೆಕ್ಟ್ ಸೊಸೈಟಿಯವರು ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷನ್ನು ಓದುವ ಮತ್ತು ನುಡಿಯುವ ಕ್ರಮವನ್ನು ವೃದ್ಧಿಗೊಳಿಸುವುದಕ್ಕೆಂದು ಒಂದು ಸಂಘವನ್ನೇ ಏರ್ಪಡಿಸಿ, ಇಂಗ್ಲೆಂಡಿನಿಂದ ಉಪಾಧ್ಯಾಯರನ್ನು ತರಿಸಲು ನಿಶ್ಚಯಿಸಿದರು. ಆ ಉದ್ಯಮವು ಪರಿಹಾಸಕ್ಕೆ ಗುರಿಯಾಗಿ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಉಪನ್ಯಾಸಗಳು ೧೭೬೨ರಲ್ಲಿ ಪುಸ್ತಕರೂಪವಾಗಿ ಪ್ರಕಟವಾದವು. ಅಕ್ಷರಗಳ ಸ್ಫುಟತೆ, ಉಚ್ಚಾರಣೆ, ಪದದೊಳಗಣ ಆಘಾತ, ವಾಕ್ಯದೊಳಗಣ ಒತ್ತು, ನಿಲುಗಡೆ, ಧ್ವನಿಯ ಏರಿಳಿತ, ಅಂಗಾಭಿನಯ—ಇವು ಅದರ ವಿಷಯಗಳು. ತೈತ್ತಿರೀಯರ ಶಿಕ್ಷಾವಲ್ಲಿಯಲ್ಲಿ ವರ್ಣ, ಸ್ವರ, ಮಾತ್ರಾ, ಬಲ, ಸಾಮ, ಸಂತಾನ ಎಂದು ಗಣಿಸಿರುವ ಆರು ಅಂಗಗಳನ್ನು ಬಲ್ಲ ವಾಚಕರಿಗೆ ಈ ವಿಭಾಗವು ಅಪರಿಚಿತವೆನಿಸದು. ಆದರೆ ಷೆರಿಡನ್ನನು ಇಷ್ಟಕ್ಕೇ ನಿಲ್ಲಲಿಲ್ಲ. ರಾಜಾಸ್ಥಾನದ ನುಡಿಯೊಂದೇ ಶಿಷ್ಟವೆಂದೂ, ಉಳಿದ ಪ್ರಾಂತಗಳ ನುಡಿಗಳೆಲ್ಲ ಗ್ರಾಮ್ಯವಾದ ಶಿಕ್ಷಣದ ಗುರುತುಗಳಾದುದರಿಂದ ಅವುಗಳಿಗೆ ಸ್ವಲ್ಪವಾದರೂ ಅವಮಾನವು ಅಂಟಿಕೊಂಡಿರುವುದೆಂದೂ ಪ್ರತಿಪಾದಿಸಿದನು. ಆನ್ ರಾಣಿಯ ಆಳ್ವಿಕೆಯ (೧೭೦೨–೧೭೧೪) ಆಸ್ಥಾನದ ನುಡಿಯೇ ಆತನಿಗೆ ಆದರ್ಶ. ಯಾವ ಅಳತೆಗೋಲಿನಿಂದ ಇತರರು ಮುಂದೆ ಈತನನ್ನು ಅಳೆದು ಕಡಮೆಯೆಂದರೋ, ಆ ಅಳತೆಗೋಲನ್ನು ಪ್ರಚಾರಕ್ಕೆ ತಂದವರಲ್ಲಿ ಈತನೇ ಮುಖ್ಯನೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

೪

ಈಗ ಪೂರ್ವಪಕ್ಷಿಗಳ ಮಾತನ್ನು ಕೇಳೋಣ. ಇವರಲ್ಲಿ ಪ್ರಥಮಗಣ್ಯನು ಕೋಶಕಾರನಾದ ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್. ಈತನಿಗೂ ಷೆರಿಡನ್ನನಿಗೂ ಮೊದಲು ಸ್ನೇಹವಿದ್ದಿತು. ಷೆರಿಡನ್ನನಿಗೆ ಸರ್ಕಾರದವರು ವರ್ಷಕ್ಕೆ ೨೦೦ ಪೌಂಡುಗಳ ವಿಶ್ರಾಂತಿವೇತನವನ್ನು ಕೊಟ್ಟರೆಂದು ಕೇಳಿದಾಗ, ಹಾಗಾದರೆ ತಾನು ತನ್ನದನ್ನು ಬಿಟ್ಟುಬಿಡುವ ಕಾಲ ಬಂದಿತೆಂದು ಜಾನ್ಸನ್ನನು ಅಣಕವಾಡಿದನು. ಆ ಮಾತು ಷೆರಿಡನ್ನನ ಕಿವಿಗೆ ಬಿದ್ದು, ಅವರ ಸ್ನೇಹವು ಮತ್ತೆ ಕೂಡದಂತೆ ಮುರಿಯಿತು. ಇಂಗ್ಲಿಷು ಭಾಷೆಯ ಮೇಲೆ ಷೆರಿಡನ್ನನು ಮಾಡಬಹುದಾದ ಪರಿಣಾಮವು ಡೋವರಿನಲ್ಲಿ ಪುಡಿಗಾಸಿನ ಮೇಣದ ಬತ್ತಿಯನ್ನು ಹಚ್ಚಿ ಕಡಲಾಚೆಯ ಕ್ಯಾಲೆಗೆ ಬೆಳಕು ಕೊಡಲೆಳಸುವಂತಿದೆ ಎಂದು ೧೭೬೩ರಲ್ಲಿ ಹಾಸ್ಯಮಾಡಿದವನೂ ಜಾನ್ಸನ್ನನೇ. ೧೭೭೨ರಲ್ಲಿ ಷೆರಿಡನ್ನನು ಉಚ್ಚಾರಣಕೋಶವೊಂದನ್ನು ರಚಿಸುವ ಪ್ರಸ್ತಾಪವು ಬಂದಾಗ, ಇಂಗ್ಲಿಷಿನ ಉಚ್ಚಾರಣೆಯನ್ನು ನಿರ್ಣಯಿಸುವುದಕ್ಕೆ ಈತನಿಗೆ ಅಧಿಕಾರವೆಲ್ಲಿಯದು, ಮೊದಲನೆಯದಾಗಿ ಐರಿಷಿನವನೆಂಬ ಕೊರತೆಯೇ ಇದೆಯಲ್ಲ ಎಂದು ಆತನು ಬಾಸ್‌ವೆಲ್ಲನೊಡನೆ ನುಡಿದನು.

ಎರಡನೆಯವನು ವಿಲಿಯಂ ಕೆನ್ರಿಕ್. ೧೭೭೩ರಲ್ಲಿ ಪ್ರಕಟವಾದ ಈತನ ನಿಘಂಟು ಸ್ವರಗಳ ಗುಣವನ್ನು ಅಂಕಿಗಳಿಂದ ಗುರುತಿಸಿ ತೋರಿಸಿತು. ಅಬರ್ಡೀನಿನವನೋ ಟಿಪ್ಪರೇರಿಯವನೋ ಲಂಡನ್ನಿನಲ್ಲಿ ಹುಟ್ಟಿದವರಿಗೆ ಓದುವುದನ್ನೂ ನುಡಿಯುವುದನ್ನೂ ಕಲಿಸುವೆನೆಂದು ಬರುವುದು ಅತ್ಯಂತ ಹಾಸ್ಯಾಸ್ಪದವೆಂದು ಕೆನ್ರಿಕ್ಕನ ಆಕ್ಷೇಪ. ಮೊದಲನೆಯ ಊರು ಸ್ಕಾಟ್ಲೆಂಡಿನದು, ಎರಡನೆಯದು ಐರ್ಲೆಂಡಿನದು. ೧೭೫೭ರಿಂದ ಇಂಗ್ಲಿಷು ಉಚ್ಚಾರಣೆಯ ಗ್ರಂಥಗಳನ್ನು ಪ್ರಕಟಿಸುತ್ತಿದ್ದ ಸ್ಕಾಟನಾದ ಜೇಮ್ಸ್ ಬ್ಯುಕ್ಯಾನನ್ನನೂ ಷೆರಿಡನ್ನನೂ ಇಲ್ಲಿ ಲಕ್ಷ್ಯವೆಂಬುದು ಸ್ಪಷ್ಟ.

ಮೂರನೆಯವನು ಜಾನ್ ವಾಕರ್. ಇವನೂ ನಟನಾಗಿದ್ದವನೇ, ಆದರೆ ಲಂಡನ್ನಿನ ಸಮೀಪದವನು. ಷೆರಿಡನ್ನನ ಕೋಶವು ಎರಡು ಸಂಪುಟಗಳಲ್ಲಿ ೧೭೮೦ರಲ್ಲಿ ಹೊರಬಿದ್ದಿತು. ವಾಕರನ ವಿಮರ್ಶಾತ್ಮಕ ಉಚ್ಚಾರಣಕೋಶವು ೧೭೯೧ರಲ್ಲಿ ಬಂದಿತು. ಪ್ರತಿಪದವನ್ನೂ ಅದರ ಧ್ವನಿಗೆ ತಕ್ಕಂತೆ ಬೇರೆಯಾಗಿ ಬರೆದು ಸ್ವರಗಳ ಮೇಲೆ ಅಂಕಿಗಳನ್ನಿಡುವ ಷೆರಿಡನ್ನನ ಕ್ರಮವನ್ನೇ ವಾಕರನು ಅನುಸರಿಸಿದನು. ಆತನ ಪರಿಶ್ರಮವನ್ನು ಶ್ಲಾಘಿಸಿದನು. ಅದರೊಡನೆಯೇ ಆತನ ಗ್ರಂಥದಲ್ಲಿ ಅನೌಚಿತ್ಯಗಳೂ ಪೂರ್ವಾಪರವಿರೋಧಗಳೂ ಬಹಳವಾಗಿವೆಯೆಂದು ದೋಷಾರೋಪಣೆಯನ್ನೂ ಮಾಡಿದನು. ವಾಕರನ ಕೋಶವು ಮುಂದಿನ ಶತಮಾನದಲ್ಲಿ ಅನೇಕಾನೇಕ ಆವೃತ್ತಿಗಳನ್ನು ಕಂಡು ಪ್ರಮಾಣಗ್ರಂಥವಾಯಿತು. ಷೆರಿಡನ್ನನದು ಮರೆಗೆ ಸಂದಿತು.

೫

ಈ ಆಕ್ಷೇಪಗಳಲ್ಲಿ ಯಾವುದು ನಿಲ್ಲುವುದು, ಯಾವುದು ಬೀಳುವುದು ಎಂಬುದನ್ನು ಈಗ ಪರೀಕ್ಷಿಸಬೇಕು. ಇದಕ್ಕೆ ಬೇಕಾದ ಸಾಕ್ಷ್ಯವನ್ನು ಆಕ್ಷೇಪಕರೇ ಒದಗಿಸಿರುವರು.

ಜಾನ್ಸನ್ನನು ಐರಿಷಿನವನೆಂದು ಷೆರಿಡನ್ನನನ್ನು ತಳ್ಳಿಹಾಕಿದ ಆ ಸಂಭಾಷಣೆಯಲ್ಲಿಯೇ ಒಂದು ಸಂಗತಿಯನ್ನು ತಿಳಿಸಿದನು. ಆತನು ತನ್ನ ನಿಘಂಟಿನ ಯೋಜನೆಯನ್ನು ೧೭೪೭ರಲ್ಲಿ ಪ್ರಕಟಿಸಿದಾಗ, ‘ದೊಡ್ಡದು’ ಎಂಬರ್ಥದ ಶಬ್ದವನ್ನು ‘ಗ್ರೇಟ್’ ಎಂದು ಏಕಾರದಿಂದ ನುಡಿಯತಕ್ಕದ್ದೆಂದು ಚೆಸ್ಟರ್‌ಫೀಲ್ಡ್ ಪ್ರಭುವು ಹೇಳಿದನಂತೆ. ಸರ್ ವಿಲಿಯಂ ಯಂಗನಾದರೋ ಅದನ್ನು ‘ಗ್ರೀಟ್’ ಎಂದು ಈಕಾರದಿಂದ ನುಡಿಯಬೇಕೆಂದೂ, ಐರಿಷಿನವನಲ್ಲದೆ ಮತ್ತಾರೂ ‘ಗ್ರೇಟ್’ ಎನ್ನಲಾರರೆಂದೂ ಹೇಳಿಕಳುಹಿಸಿದನಂತೆ. ಒಬ್ಬನು ಪ್ರಭುಸಭೆಯ ಶ್ರೇಷ್ಠ ವಾಗ್ಮಿ, ಇನ್ನೊಬ್ಬನು ಜನಪ್ರತಿನಿಧಿಸಭೆಯ ಶ್ರೇಷ್ಠ ವಾಗ್ಮಿ. ಇವರಿಬ್ಬರೇ ಒಂದು ಮಾತಿಗೆ ಬಾರದಿರುವಲ್ಲಿ ಉಚ್ಚಾರಣೆಯನ್ನು ನಿರ್ಣಯಿಸುವುದು ಹೇಗೆಂದು ಜಾನ್ಸನ್ನನ ವಾದ. ಆತನು ೧೭೫೫ರ ತನ್ನ ನಿಘಂಟಿನಲ್ಲಿ ಆಘಾತದ ಸ್ಥಾನವನ್ನು ಮಾತ್ರ ಗುರುತಿಸಿ, ಸ್ವರಗಳ ಗುಣವನ್ನು ನಿರ್ದೇಶಿಸದೆ ಬಿಟ್ಟಿರುವುದಕ್ಕೂ ಇದಕ್ಕೂ ಹೊಂದಿಕೆಯಿದೆ. ನಾವು ಗಮನಿಸಬೇಕಾದುದು ಮತ್ತೊಂದು. ಅಂದು ಯಂಗನು ಐರಿಷರ ದೋಷವೆಂದು ಹಳಿದ ‘ಗ್ರೇಟ್’ ಎಂಬುದೇ ಇಂದು ಇಂಗ್ಲೆಂಡಿನ ಪ್ರತಿಯೊಂದು ಕೋಶದಲ್ಲಿಯೂ ಸಾಧುರೂಪವಾಗಿ ನಿಂತಿದೆ. ಆತನು ಶಿಷ್ಟವೆಂದ ‘ಗ್ರೀಟ್’ ಅಳಿದುಹೋಗಿದೆ!

ಎರಡನೆಯ ನಿದರ್ಶನವು ‘ಟೀ’ ಎಂಬ ಶಬ್ದ. ಇದನ್ನು ಐರಿಷರು ‘ಟೇ’ ಎಂದು ನುಡಿಯುವುದು ಪ್ರಸಿದ್ಧವಾದ ದೋಷವೆಂದು ಷೆರಿಡನ್ನನೇ ತನ್ನ ದೇಶಬಾಂಧವರನ್ನು ಎಚ್ಚರಿಸಿರುವನು. ಆದರೆ ಅಲೆಗ್ಸಾಂಡರ್ ಪೋಪನು ೧೭೧೪ರಲ್ಲಿ ವಿಸ್ತರಿಸಿ ಪ್ರಕಟಿಸಿದ ‘ರೇಪ್ ಆಫ್ ದಿ ಲಾಕ್’ ಕಾವ್ಯದಲ್ಲಿ ಈ ಶಬ್ದವು ‘ಒಬೇ’ ಎಂಬುದಕ್ಕೆ ಅಂತ್ಯಪ್ರಾಸವಾಗಿ ಬಂದಿದೆ. ಅದೂ ಆನ್ ರಾಣಿಯನ್ನೇ ಸಂಬೋಧಿಸುವ ಪದ್ಯದಲ್ಲಿ. ಪ್ರಾಸವು ಕಿವಿಗೆ ಒಪ್ಪಬೇಕಾದುದರಿಂದ, ಅಂದಿನ ಲಂಡನ್ನಿನ ಶಿಷ್ಟರಲ್ಲಿಯೂ ‘ಟೇ’ ಎಂಬ ಉಚ್ಚಾರಣೆಯು ಸಲ್ಲುತ್ತಿದ್ದಿತೆಂಬುದು ಸಿದ್ಧ. ಹಾಗಾದರೆ ಐರಿಷರು ಭಾಷೆಯನ್ನು ಕೆಡಿಸಲಿಲ್ಲ. ಲಂಡನ್ನು ಬಿಟ್ಟುದನ್ನು ಇವರು ಉಳಿಸಿಕೊಂಡರು. ದೂರದ ಸೀಮೆಗಳಲ್ಲಿ ಹಳೆಯ ರೂಪಗಳು ಉಳಿದು, ನಡುನಾಡಿನಲ್ಲಿ ಹೊಸವು ಹುಟ್ಟುವುದು ಅನೇಕ ಭಾಷೆಗಳಲ್ಲಿ ಕಂಡ ಸಂಗತಿ.

ರೇಫದ ಕಥೆಯೂ ಇಂಥದೇ. ಸ್ವರದ ಮುಂದಿನ ರಕಾರವು ಲಂಡನ್ನಿನವರ ಬಾಯಲ್ಲಿ ಕರಗಿ, ಹಿಂದಿನ ಸ್ವರದ ದೀರ್ಘತೆಯಾಗಿ ಮಾತ್ರ ಉಳಿಯುತ್ತಿರುವುದನ್ನು ವಾಕರನು ೧೭೯೧ರಲ್ಲಿ ಗುರುತಿಸಿರುವನು. ಸ್ಕಾಟರೂ ಐರಿಷರೂ ರೇಫವನ್ನು ಬಿಡಲಿಲ್ಲ. ಬರವಣಿಗೆಯಲ್ಲಿ ಅಕ್ಷರವು ಇದ್ದೇ ಇದೆ. ಅದನ್ನು ಉಚ್ಚರಿಸುವವನ ನುಡಿ ಒರಟು, ನುಂಗುವವನ ನುಡಿ ನಯವೆಂಬ ಭಾವನೆಯು ಆಮೇಲೆ ಬಲವಾಯಿತು. ಇದಕ್ಕೆ ಧ್ವನಿಶಾಸ್ತ್ರದಲ್ಲಿ ಯಾವ ಕಾರಣವೂ ಇಲ್ಲ. ರಾಜಧಾನಿಯು ಯಾವ ಕಡೆಗಿದೆಯೆಂಬುದೊಂದೇ ಕಾರಣ.

ಜಾನ್ಸನ್ನನ ಸ್ವಂತ ನುಡಿಯಾದರೂ ಹೇಗಿದ್ದಿತು? ಆತನು ಸ್ಟಾಫರ್ಡ್‌ಷೈರಿನ ಲಿಚ್‌ಫೀಲ್ಡಿನವನು. ತನ್ನ ಊರಿನವರು ಅತ್ಯಂತ ಶುದ್ಧವಾದ ಇಂಗ್ಲಿಷನ್ನು ನುಡಿಯುವರೆಂದು ಹೆಮ್ಮೆಪಡುತ್ತಿದ್ದನು. ಆದರೆ ಆ ಊರಿನಲ್ಲಿ ‘ವನ್ಸ್’ ಎಂಬುದನ್ನು ‘ವೂನ್ಸ್’ ಎನ್ನುತ್ತಿದ್ದರೆಂದು ಬಾಸ್‌ವೆಲ್ಲನು ಬರೆದಿರುವನು. ಪಾನಕವನ್ನು ಹಂಚುವಾಗ ಜಾನ್ಸನ್ನನು ‘ಪಂಚ್’ ಎಂಬುದನ್ನು ‘ಪೂನ್ಷ್’ ಎಂದು ನುಡಿಯುತ್ತಿದ್ದುದನ್ನು ಆತನ ಶಿಷ್ಯನೂ ನಟಶಿರೋಮಣಿಯೂ ಆದ ಗ್ಯಾರಿಕ್ಕನು ಅನುಕರಿಸಿ ನಗಿಸುತ್ತಿದ್ದನಂತೆ. ಇಂಗ್ಲೆಂಡಿನೊಳಗಣ ಪ್ರಾಂತ್ಯದೋಷವು ವಿನೋದಕ್ಕೆ ವಿಷಯವಾಯಿತು. ಕಡಲಾಚೆಯವನ ದೋಷವು ಅಧಿಕಾರಹಾನಿಗೆ ಹೇತುವಾಯಿತು. ಇನ್ನು ಕೆನ್ರಿಕ್ಕನ ವಾದದಂತೆ ಲಂಡನ್ನಿನ ಜನ್ಮವೇ ಪ್ರಮಾಣವೆನ್ನೋಣವೆಂದರೆ, ವಾಕರನೇ ಅದಕ್ಕೆ ಬಾಧಕನು. ಆತನು ತನ್ನ ಕೋಶದ ಆದಿಯಲ್ಲಿ ಸ್ಕಾಟರಿಗೂ ಐರಿಷರಿಗೂ ಮಾತ್ರವಲ್ಲದೆ ಲಂಡನ್ನಿನಲ್ಲಿ ಹುಟ್ಟಿದವರಿಗೂ ನಿಯಮಗಳನ್ನು ವಿಧಿಸಿರುವನು! ಹಕಾರವಿರಬೇಕಾದ ಕಡೆ ಬಿಡುವುದು, ಒಂದು ಬಗೆಯ ವಕಾರಕ್ಕೆ ಪ್ರತಿಯಾಗಿ ಇನ್ನೊಂದನ್ನು ನುಡಿಯುವುದು ಮುಂತಾದವು ಅಲ್ಲಿನ ಸಾಮಾನ್ಯಜನರ ದೋಷಗಳೆಂದು ಎಣಿಸಿರುವನು. ಆದುದರಿಂದ ಜನ್ಮವಾಗಲಿ ಊರಾಗಲಿ ತಾನೇ ಪ್ರಮಾಣವಾಗಲಾರದೆಂಬುದು ವಿರೋಧಿಗಳ ವಚನದಿಂದಲೇ ಸಿದ್ಧವಾಯಿತು.

ಹೀಗೆಂದು ಷೆರಿಡನ್ನನಲ್ಲಿ ದೋಷವೇ ಇರಲಿಲ್ಲವೆನ್ನುವುದು ಪಕ್ಷಪಾತವಾದೀತು. ಒಂದು ಬಗೆಯ ಉಕಾರದ ಹಿಂದಿನ ಸಕಾರವನ್ನು ಆತನು ಶಕಾರವನ್ನಾಗಿಯೂ ತಕಾರವನ್ನು ಚಕಾರದಂತೆಯೂ ನುಡಿಯಲು ವಿಧಿಸಿದನು. ‘ಸೂಪರ್’ ಎಂಬುದು ‘ಶೂಪರ್’ ಆಯಿತು, ‘ಟ್ಯೂನ್’ ಎಂಬುದು ‘ಚೂನ್’ ಆಯಿತು. ವಾಕರನು ಇದನ್ನು ಅತಿಯೆಂದನು. ‘ಶೂಪರ್’ ಉಳಿಯಲಿಲ್ಲ, ಈ ಭಾಗದಲ್ಲಿ ವಾಕರನ ಆಕ್ಷೇಪವು ನಿಂತಿತು. ಆದರೆ ‘ಚೂನ್’ ಎಂಬ ಉಚ್ಚಾರಣೆಯು ಇಂದು ಇಂಗ್ಲೆಂಡಿನಲ್ಲಿ ಬಹುಜನರ ಬಾಯಲ್ಲಿದ್ದು ಕೋಶಗಳಲ್ಲಿಯೂ ಸ್ಥಾನವನ್ನು ಪಡೆದಿದೆ. ಎಂದರೆ, ದೋಷನಿರ್ಣಯವನ್ನು ಪದಪದಕ್ಕೂ ಪ್ರಯೋಗವನ್ನು ನೋಡಿ ಮಾಡಬೇಕಲ್ಲದೆ, ನುಡಿದವನ ಊರನ್ನು ಕೇಳಿ ಮಾಡಲಾಗದು.

೬

ಈ ಪ್ರಶ್ನೆಯು ನಮ್ಮ ಶಾಸ್ತ್ರಕಾರರಿಗೂ ಎದುರಾಗಿದ್ದಿತು. ಪತಂಜಲಿಯು ಮಹಾಭಾಷ್ಯದಲ್ಲಿ ‘ಶಿಷ್ಟ’ರ ಲಕ್ಷಣವನ್ನು ಹೇಳುವಾಗ ಆರ್ಯಾವರ್ತದ ಎಲ್ಲೆಯನ್ನು ಮೊದಲು ನಿರ್ದೇಶಿಸಿ, ಅನಂತರ ಅಲ್ಲಿ ವಾಸಿಸುವವರಲ್ಲಿ ಸಂಗ್ರಹಬುದ್ಧಿಯಿಲ್ಲದ, ಲೋಭವಿಲ್ಲದ, ವಿದ್ಯಾಪಾರಂಗತರಾದ ಬ್ರಾಹ್ಮಣರನ್ನು ಮಾತ್ರ ಪ್ರಮಾಣವೆಂದು ಪರಿಗ್ರಹಿಸಿರುವನು. ದೇಶವೊಂದೇ ಸಾಲದು, ಶೀಲವೂ ವಿದ್ಯೆಯೂ ಬೇಕೆಂದು ಇದರ ತಾತ್ಪರ್ಯ. ಅಲ್ಲದೆ, ಯಾರ ಸೂತ್ರಗಳಿಗೆ ಪತಂಜಲಿಯು ಭಾಷ್ಯವನ್ನು ಬರೆದನೋ ಆ ಪಾಣಿನಿ ಮಹರ್ಷಿಯು ಶಾಲಾತುರೀಯನೆಂದು ಪ್ರಸಿದ್ಧನು. ಶಾಲಾತುರವು ವಾಯವ್ಯದ ಗಾಂಧಾರಪ್ರಾಂತದಲ್ಲಿ, ಸಿಂಧೂನದಿಯ ಬಳಿಯಲ್ಲಿದ್ದಿತು. ಪತಂಜಲಿಯು ಹಾಕಿದ ಎಲ್ಲೆಯೊಳಗೆ ಅದು ಬೀಳುವುದಿಲ್ಲ. ಕೌಷೀತಕಿಬ್ರಾಹ್ಮಣದ ಕಾಲದಲ್ಲಾದರೋ ಉತ್ತರದಿಕ್ಕಿನ ವಾಣಿಯೇ ಶ್ರೇಷ್ಠವೆಂದೂ, ಮಾತನ್ನು ಕಲಿಯಲು ಜನರು ಅತ್ತ ಹೋಗುವರೆಂದೂ ಪ್ರತೀತಿಯಿದ್ದಿತು. ಶಿಷ್ಟದೇಶವು ಕಾಲದಿಂದ ಕಾಲಕ್ಕೆ ಸ್ಥಾನವನ್ನು ಬದಲಿಸಿದರೂ, ಗಡಿನಾಡಿನವನ ಸೂತ್ರಗಳು ಮಾತ್ರ ಅಲುಗದೆ ನಿಂತವು.

ಕನ್ನಡದಲ್ಲಿಯೂ ಇಂಥದೇ ಪರಿಸ್ಥಿತಿ. ಕ್ರಿಸ್ತಶಕ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಹೇಳಿದೆ. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಕಾವ್ಯದ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿರುವನು. ಆತನ ತಾಯಿಯ ಕಡೆಯವರು ಅಣ್ಣಿಗೇರಿಯವರೆಂದು ಕುರಿಕ್ಯಾಲದ ಶಾಸನದಿಂದ ತಿಳಿದುಬರುವುದಾದರೂ, ಪಿತೃವಂಶವು ವೆಂಗಿನಾಡಿನದು. ಆತನು ಆಶ್ರಯಿಸಿದ ಅರಿಕೇಸರಿಯ ರಾಜಧಾನಿಯಾದ ವೇಮುಲವಾಡವು ತೆಲಂಗಾಣದಲ್ಲಿದೆ. ಆದರೂ ತಿರುಳ್ಗನ್ನಡಕ್ಕೆ ಪಂಪನಿಗಿಂತ ಹಿರಿದಾದ ಲಕ್ಷ್ಯವನ್ನು ಯಾರೂ ಕೇಳಲಿಲ್ಲ. ಷೆರಿಡನ್ನನ ಸ್ಥಿತಿಯು ಇದಕ್ಕೆ ಎಲ್ಲ ಅಂಶಗಳಲ್ಲಿಯೂ ಸಮಾನವೆಂದು ನಾವು ಹೇಳುವುದಿಲ್ಲ; ತಿರುಳು ಎಲ್ಲಿದೆಯೆಂಬುದೂ ಅದನ್ನು ಬಲ್ಲವನು ಎಲ್ಲಿಯವನೆಂಬುದೂ ಬೇರೆ ಬೇರೆ ಪ್ರಶ್ನೆಗಳೆಂಬಷ್ಟಕ್ಕೆ ಇದು ದೃಷ್ಟಾಂತ.

೭

ಪ್ರಕೃತವನ್ನು ಅನುಸರಿಸೋಣ. ಷೆರಿಡನ್ನನ ಅನಂತರವೂ ಇದೇ ನಾಟಕವು ಪಾತ್ರಗಳನ್ನು ಬದಲಿಸಿಕೊಂಡು ನಡೆದುಬಂದಿದೆ. ಜಪಾನಿನ ಪ್ರಸಿದ್ಧ ಗ್ರಂಥಕರ್ತ ನಾತ್ಸುಮೆ ಸೋಸೆಕಿಯು ಸರ್ಕಾರದ ವೇತನದಿಂದ ೧೯೦೦ರಿಂದ ೧೯೦೨ರವರೆಗೆ ಲಂಡನ್ನಿನಲ್ಲಿದ್ದಾಗ, ಷೇಕ್ಸ್‌ಪಿಯರನ ಕೃತಿಗಳನ್ನು ಸಂಪಾದಿಸಿದ ವಿಲಿಯಂ ಕ್ರೇಗನ ಬಳಿ ಪಾಠ ಹೇಳಿಸಿಕೊಂಡನು. ಕ್ರೇಗನು ಐರಿಷಿನವನು. ಗುರುವಿನ ನುಡಿಯು ಅರಿಯಲು ಬಲು ಕಷ್ಟವೆಂದೂ, ಮಾತಿನ ವೇಗವು ಹೆಚ್ಚಿದಾಗ ತೋಕಿಯೋದವನೂ ಸತ್ಸುಮದವನೂ ಜಗಳವಾಡಿದಂತಾಗುವುದೆಂದೂ ಸೋಸೆಕಿಯು ೧೯೦೯ರಲ್ಲಿ ಬರೆದ ಪ್ರಬಂಧದಲ್ಲಿ ವಿನೋದದಿಂದ ಹೇಳಿರುವನು. ಇಲ್ಲಿ ಒಂದು ವಿವೇಕವನ್ನು ಕಾಣಬಹುದು. ಈತನು ಜಾನ್ಸನ್ನನಂತೆ ಗುರುವಿಗೆ ಅಧಿಕಾರವಿಲ್ಲವೆನ್ನಲಿಲ್ಲ, ತನಗೆ ತಿಳಿಯಲಿಲ್ಲವೆಂದನು. ತನ್ನ ದೇಶದಲ್ಲಿಯೂ ಅಂಥ ಪ್ರಾಂತಭೇದವುಂಟೆಂದು ಒಪ್ಪಿಕೊಂಡನು. ಗುರುವಿನ ಪಾಂಡಿತ್ಯದ ಮೇಲಣ ಗೌರವವು ಇದರಿಂದ ಕುಗ್ಗಲಿಲ್ಲ.

ಇಂಗ್ಲೆಂಡಿನಲ್ಲಿ ಡೇನಿಯಲ್ ಜೋನ್ಸನು ೧೯೧೭ರಲ್ಲಿ ಪ್ರಕಟಿಸಿದ ಉಚ್ಚಾರಣಕೋಶವು, ದಕ್ಷಿಣ ಇಂಗ್ಲೆಂಡಿನಲ್ಲಿ ದೊಡ್ಡ ವಸತಿಶಾಲೆಗಳಲ್ಲಿ ಓದಿದವರ ಮನೆಗಳ ನುಡಿಯನ್ನು ಲಕ್ಷ್ಯವನ್ನಾಗಿ ಇಟ್ಟುಕೊಂಡಿತು. ಇದನ್ನು ಆತನು ಮೊದಲು ಆ ಶಾಲೆಗಳ ಹೆಸರಿನಿಂದ ಕರೆದನು. ೧೯೨೬ರ ಆವೃತ್ತಿಯ ಹೊತ್ತಿಗೆ, ಉತ್ತಮವಾದ ಹೆಸರು ದೊರಕದುದರಿಂದ ‘ಅಂಗೀಕೃತ ಉಚ್ಚಾರಣೆ’ಯೆಂದು ಕರೆದನು. ಹೊರದೇಶದ ಶಾಲೆಗಳಲ್ಲಿ ಬಹುಕಾಲ ಪ್ರಮಾಣವೆನಿಸಿಕೊಂಡುದು ಇದೇ. ಇದು ಇಂಗ್ಲೆಂಡಿನಲ್ಲಿಯೇ ಅಲ್ಪಸಂಖ್ಯಾತರ ನುಡಿ. ಸ್ಕಾಟ್ಲೆಂಡು ಐರ್ಲೆಂಡುಗಳ ಮಾತಂತೂ ಬೇಡ. ಪುಸ್ತಕವು ಹೊರದೇಶಕ್ಕೆ ಮೊದಲು ಹೋಗಿ ಕುಳಿತಿತು, ಉಪಾಧ್ಯಾಯನು ಹಿಂದಿನಿಂದ ಹೋದನು. ಪುಸ್ತಕದ ನುಡಿಗೆ ಹೊಂದಿಕೊಂಡ ಕಿವಿಯು ಮನುಷ್ಯನ ನುಡಿಯನ್ನು ತಪ್ಪೆಂದಿತು. ಇಂದು ದೂರದೇಶಗಳಲ್ಲಿ ಕೇಳಿಬರುವ ಆಕ್ಷೇಪದ ಮೂಲವು ಬಹುಮಟ್ಟಿಗೆ ಇಲ್ಲಿದೆ.

ಇನ್ನೊಂದು ಸಂಗತಿಯನ್ನು ಹೇಳದಿರಲಾಗದು. ಬ್ರಿಟಿಷ್ ಪ್ರಸಾರಸಂಸ್ಥೆಯವರು ಆಕಾಶವಾಣಿಯಲ್ಲಿ ಯಾವ ಶಬ್ದವನ್ನು ಹೇಗೆ ನುಡಿಯಬೇಕೆಂದು ನಿರ್ಣಯಿಸಲು ೧೯೨೬ರಲ್ಲಿ ಒಂದು ಸಲಹಾಮಂಡಲಿಯನ್ನು ನೇಮಿಸಿದರು. ಆಸ್ಥಾನಕವಿ ರಾಬರ್ಟ್ ಬ್ರಿಜಸ್ಸನು ಅದರ ಮೊದಲನೆಯ ಅಧ್ಯಕ್ಷನು. ಆತನು ೧೯೩೦ರಲ್ಲಿ ತೀರಿಕೊಳ್ಳಲು, ಆ ಪೀಠಕ್ಕೆ ಬಂದವನು ಜಾರ್ಜ್ ಬರ್ನಾರ್ಡ್ ಷಾ. ಎಂದರೆ ಡಬ್ಲಿನ್ನಿನಲ್ಲಿ ಹುಟ್ಟಿ ಬೆಳೆದವನು, ಕಡೆಯವರೆಗೂ ಐರಿಷ್ ಛಾಯೆಯ ನುಡಿಯನ್ನು ಬಿಡದವನು. ಷೆರಿಡನ್ನನಿಗೆ ಜಾನ್ಸನ್ನನು ನಿರಾಕರಿಸಿದ ಅಧಿಕಾರವನ್ನು, ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಷೆರಿಡನ್ನನ ಊರಿನವನೇ ಇಂಗ್ಲೆಂಡಿನವರ ಕೈಯಿಂದಲೇ ಪಡೆದನು.

೮

ಇಷ್ಟರಿಂದ ಫಲಿತವಾದುದೇನು? ಉಚ್ಚಾರಣೆಯಲ್ಲಿ ಪ್ರಾಮಾಣ್ಯವು ಜನ್ಮದಿಂದ ಬರುವುದಿಲ್ಲ. ಬರುವುದಾದರೆ ವಾಕರನು ಲಂಡನ್ನಿನವರನ್ನು ತಿದ್ದಬೇಕಾಗಿರಲಿಲ್ಲ. ದೇಶದಿಂದಲೂ ಬರುವುದಿಲ್ಲ, ಬರುವುದಾದರೆ ‘ಗ್ರೀಟ್’ ನಿಂತು ‘ಗ್ರೇಟ್’ ಅಳಿಯಬೇಕಾಗಿದ್ದಿತು. ಅದು ಶಿಕ್ಷೆಯಿಂದ, ಎಂದರೆ ವರ್ಣಗಳ ಸ್ಥಾನಕರಣಗಳನ್ನರಿತು, ತನ್ನ ನುಡಿಗೂ ಇತರರ ನುಡಿಗೂ ಇರುವ ಭೇದವನ್ನು ತಿಳಿದು, ಆ ಭೇದವನ್ನು ಶಿಷ್ಯನಿಗೆ ವಿವರಿಸಬಲ್ಲ ಸಾಮರ್ಥ್ಯದಿಂದ ಬರುತ್ತದೆ. ಭೇದವನ್ನು ಮೊದಲು ಕಾಣುವವನು ಗಡಿಯಲ್ಲಿರುವವನು. ನಡುನಾಡಿನಲ್ಲಿರುವವನಿಗೆ ತನ್ನ ನುಡಿಯೇ ಭಾಷೆ. ಅದಕ್ಕೆ ಲಕ್ಷಣವನ್ನು ಹೇಳಬೇಕೆಂಬ ಚಿಂತೆಯೇ ಅವನಿಗೆ ಹುಟ್ಟದು. ಇಂಗ್ಲಿಷು ಉಚ್ಚಾರಣಶಾಸ್ತ್ರಕ್ಕೆ ಸ್ಕಾಟರೂ ಐರಿಷರೂ ಆರಂಭದಲ್ಲಿಯೇ ಇಷ್ಟು ಶ್ರಮಿಸಿದುದು ಆಕಸ್ಮಿಕವಲ್ಲ. ಸ್ಕಾಟನಾದ ಅಲೆಗ್ಸಾಂಡರ್ ವೆಡರ್‌ಬರ್ನನು ಲಂಡನ್ನಿಗೆ ಬಂದು ವಕೀಲಿವೃತ್ತಿಯನ್ನು ಹಿಡಿದಾಗ ತನ್ನ ನುಡಿಯನ್ನು ತಿದ್ದಿಕೊಳ್ಳಲು ಆಶ್ರಯಿಸಿದುದು ಷೆರಿಡನ್ ಮತ್ತು ನಟ ಮ್ಯಾಕ್ಲಿನ್ ಎಂಬ ಇಬ್ಬರು ಐರಿಷರನ್ನೇ. ಆತನು ೧೭೯೩ರಲ್ಲಿ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಪದವಿಗೆ ಏರಿದನು.

ಹಾಗಾದರೆ ಶಿಷ್ಯನ ಆಕ್ಷೇಪಕ್ಕೆ ಅವಕಾಶವೇ ಇಲ್ಲವೆ? ಉಂಟು. ಪತಂಜಲಿಯು ‘ಯರ್ವಾಣಸ್ತರ್ವಾಣ’ರೆಂಬ ಋಷಿಗಳ ಪ್ರಸಂಗವನ್ನು ಹೇಳಿರುವನು. ಅವರು ತತ್ತ್ವವನ್ನು ಸಾಕ್ಷಾತ್ಕರಿಸಿಕೊಂಡವರು. ಲೌಕಿಕಸಂಭಾಷಣೆಯಲ್ಲಿ ಎರಡು ಸಣ್ಣ ಪದಗುಚ್ಛಗಳನ್ನು ಅಪಭ್ರಷ್ಟವಾಗಿ ನುಡಿಯುತ್ತಿದ್ದುದರಿಂದ ಅದೇ ಅವರ ಹೆಸರಾಯಿತು. ಆದರೆ ಯಜ್ಞಕರ್ಮದಲ್ಲಿ ಅವರು ಹಾಗೆ ನುಡಿಯುತ್ತಿರಲಿಲ್ಲ. ಪಾಠಶಾಲೆಯು ಉಪಾಧ್ಯಾಯನ ಯಜ್ಞಶಾಲೆ. ಅಲ್ಲಿ ಆತನು ಶಿಷ್ಯನಿಗೆ ಕೇಳುವಂತೆ, ತಿಳಿಯುವಂತೆ, ಸ್ಫುಟವಾಗಿ ನುಡಿಯತಕ್ಕದ್ದು. ತನ್ನ ನಾಡಿನ ರೂಪವಿದು, ಕೋಶದ ರೂಪವಿದೆಂದು ಬೇರ್ಪಡಿಸಿ ತೋರಿಸತಕ್ಕದ್ದು. ಇದನ್ನು ಕೇಳುವ ಹಕ್ಕು ಶಿಷ್ಯನಿಗಿದೆ. ಅದನ್ನು ಮೀರಿ, ಮನೆಯಲ್ಲಿ ತಾಯಿಯಿಂದ ಬಂದ ನುಡಿಯನ್ನೇ ಕಳಂಕವೆಂದು ಹಳಿಯುವ ಹಕ್ಕು ಶಿಷ್ಯನಿಗೂ ಇಲ್ಲ, ಕೋಶಕಾರನಿಗೂ ಇಲ್ಲ.

ಷೆರಿಡನ್ನನು ಸಾಲಗಾರರ ಬಾಧೆಯಿಂದ ೧೭೬೪ರಲ್ಲಿ ಕುಟುಂಬದೊಡನೆ ಫ್ರಾನ್ಸಿನ ಬ್ಲಾ ನಗರವನ್ನು ಸೇರಿ, ಎರಡು ವರ್ಷಗಳಲ್ಲಿ ಅಲ್ಲಿಯೇ ಪತ್ನಿಯನ್ನು ಕಳೆದುಕೊಂಡನು. ಹಿಂತಿರುಗಿ ಕೋಶವನ್ನು ಮುಗಿಸಿ, ೧೭೮೮ರಲ್ಲಿ ಇಂಗ್ಲೆಂಡಿನ ಮಾರ್ಗೇಟಿನಲ್ಲಿ ತೀರಿಕೊಂಡನು. ಪ್ರಾಂತ್ಯದ ನುಡಿಗೆ ಅವಮಾನವು ಅಂಟಿಕೊಂಡಿದೆಯೆಂದು ಆತನು ಬೋಧಿಸಿದ ತತ್ತ್ವವು ಆತನನ್ನೇ ಮೊದಲು ಸುಟ್ಟಿತು. ಪ್ರತಿಯೊಂದು ಧ್ವನಿಯನ್ನೂ ಕಿವಿಗೊಟ್ಟು ಕೇಳಿ, ಬರೆದಿಟ್ಟು, ಕಲಿಸಬಹುದೆಂದು ಆತನು ತೋರಿಸಿದ ಕ್ರಮವು ಮಾತ್ರ ವಾಕರನ ಕೋಶದಲ್ಲಿ ಸೇರಿ ಉಳಿಯಿತು. ಪರದೇಶದ ಉಪಾಧ್ಯಾಯನನ್ನು ಪರೀಕ್ಷಿಸುವವರು ಆತನ ಊರನ್ನು ಕೇಳುವುದಕ್ಕೆ ಮೊದಲು ಈ ಕ್ರಮವು ಆತನಿಗೆ ತಿಳಿದಿದೆಯೋ ಇಲ್ಲವೋ ಎಂಬುದನ್ನು ಕೇಳುವುದು ಯುಕ್ತವೆಂದು ನಮ್ಮ ವಿಜ್ಞಾಪನೆ. ಸಹೃದಯರಾದ ವಿದ್ವಾಂಸರು ಪರಿಶೀಲಿಸುವರೆಂದು ನಂಬಿರುವೆವು.